ಗಣಿತ ಕಲಿಕೆಗೆ ವೇಗವೇ ಮಾನದಂಡವೇ?

ಮೂವತ್ತು ವರ್ಷ ಗಣಿತ ಬೋಧಿಸಿ ನಿವೃತ್ತನಾದ ನನ್ನ ಬಳಿಗೆ ಬಡಾವಣೆಯ ಏಳನೇ ತರಗತಿಯ ಬಾಲಕಿಯೊಬ್ಬಳು ಲೆಕ್ಕ ಕೇಳಲು ಬರುತ್ತಾಳೆ. ಶಾಲೆ ಮುಗಿದ ಬಳಿಕ ‘ಐಐಟಿ ಫೌಂಡೇಷನ್’ ತರಗತಿಗೂ ಹೋಗುವ ಆಕೆಗೆ ಹತ್ತನೇ ತರಗತಿಯ ತ್ರಿಕೋನಮಿತಿ ಸೂತ್ರಗಳು ಕಂಠಪಾಠ. ಎರಡು ಋಣಸಂಖ್ಯೆಗಳ ಗುಣಲಬ್ಧ ಧನಸಂಖ್ಯೆ ಏಕಾಗುತ್ತದೆ ಎಂದು ಕೇಳಿದೆ. ‘ಅದು ರೂಲ್ ಅಲ್ವಾ ಸರ್’ ಎಂದಳು. ಆಕೆ ಜಾಣೆ, ತಪ್ಪು ಅವಳದಲ್ಲ.

ಇಂತಹ ಅವಸರಕ್ಕೆ ಕಡಿವಾಣ ಹಾಕಲು ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿ, 16 ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು ಎಂದಿತು. ಉದ್ದೇಶ ಸರಿಯಾದುದೇ. ಹಾಗೆಂದು ಎಲ್ಲ ಮಕ್ಕಳನ್ನೂ ಒಂದೇ ಹೆಜ್ಜೆಯಲ್ಲಿ ನಡೆಸುವುದು ಪರಿಹಾರವೇ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಅನುಭವ ಇಲ್ಲಿ ಗಮನಾರ್ಹ. ಸಮಾನತೆಯ ಆಶಯದಿಂದ ಅಲ್ಲಿನ ಸರ್ಕಾರಿ ಶಾಲೆಗಳು 2014ರಲ್ಲಿ ಎಂಟನೇ ತರಗತಿಯ ಬೀಜಗಣಿತ ಪಠ್ಯಕ್ರಮವನ್ನು ಎಲ್ಲರಿಗೂ ಒಂಬತ್ತನೇ ತರಗತಿಗೆ ಮುಂದೂಡಿದವು. ಅನುಕೂಲವಂತರು ಅದನ್ನು ಹೊರಗೆ ಹಣ ಕೊಟ್ಟು ಕಲಿಸಿದರು. 2024ರ ಮಾರ್ಚ್‌ನಲ್ಲಿ ನಡೆದ ಸಲಹಾತ್ಮಕ ಮತದಾನದಲ್ಲಿ ಶೇ 80ಕ್ಕೂ ಹೆಚ್ಚು ಮತದಾರರು ಬೀಜಗಣಿತವನ್ನು ಎಂಟನೇ ತರಗತಿಗೇ ಮರಳಿಸಬೇಕೆಂದರು. ಶಾಲೆ ಬಾಗಿಲು ಮುಚ್ಚಿದರೆ ಅದು ಮುಚ್ಚುವುದು ಬಡವರ ಮಕ್ಕಳಿಗೆ ಮಾತ್ರ.

ಆದ್ದರಿಂದ ಚುರುಕಾದ ಮಗುವಿಗೆ ಶಾಲೆಯೇ ಏನಾದರೂ ಹೆಚ್ಚಿನದನ್ನು ಕೊಡಬೇಕು. ಆದರೆ ಹೆಚ್ಚಿನದು ಎಂದರೆ ಮುಂದಿನ ತರಗತಿಯ ಪುಸ್ತಕವೇ ಆಗಬೇಕಿಲ್ಲ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ಶಾಲಾ ಮಕ್ಕಳಿಗಿರುವ ಅತ್ಯಂತ ಕಠಿಣ ಸ್ಪರ್ಧೆಗಳಲ್ಲೊಂದು. ಅದರ ಪ್ರಶ್ನೆಗಳನ್ನು ಬಿಡಿಸಲು ಕಲನಶಾಸ್ತ್ರ ಬೇಕಿಲ್ಲ. ಸಂಖ್ಯಾ ಸಿದ್ಧಾಂತ, ರೇಖಾಗಣಿತ, ಬೀಜಗಣಿತ, ಎಣಿಕೆಯ ತತ್ವಗಳು ಸಾಕು. ಅಲ್ಲಿ ಪರೀಕ್ಷೆಗೊಳಗಾಗುವುದು ಪಾಠಗಳ ಸಂಖ್ಯೆಯಲ್ಲ, ಯೋಚನೆಯ ಆಳ.

ಇನ್ನೊಂದು ಸತ್ಯವನ್ನೂ ಮರೆಯಲಾಗದು. 2024ರ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಸರಳ ಭಾಗಾಕಾರ ಮಾಡಬಲ್ಲವರು ಸುಮಾರು ಶೇ 30ರಷ್ಟು ಮಾತ್ರ. ‘ಏಕೆ’ ಎಂದು ಕೇಳಲು ಪುರುಸೊತ್ತಿಲ್ಲದ ಬೋಧನೆ ಹಿಂದುಳಿದ ಮಗುವನ್ನೂ ಮುಂದಿರುವ ಮಗುವನ್ನೂ ಒಂದೇ ರೀತಿ ವಂಚಿಸುತ್ತದೆ.

ಮಗುವನ್ನು ಮುಂದಿನ ಹಂತಕ್ಕೆ ಕಳುಹಿಸುವ ಮುನ್ನ ಪೋಷಕರೂ ಶಿಕ್ಷಕರೂ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಕಲಿತದ್ದನ್ನು ಅದು ತನ್ನ ಮಾತಿನಲ್ಲಿ ವಿವರಿಸಬಲ್ಲುದೇ? ಆಸೆ ಮಗುವಿನದೋ, ಮನೆಯವರದೋ? ಬೇಡವೆನಿಸಿದಾಗ ಅವಮಾನವಿಲ್ಲದೆ ಹಿಂದಿರುಗಲು ಅವಕಾಶವಿದೆಯೇ? ಮೂರಕ್ಕೂ ಸಮಾಧಾನಕರ ಉತ್ತರ ದೊರೆತರೆ ಮಗುವನ್ನು ತಡೆಯುವುದು ಅನ್ಯಾಯ. ಇಲ್ಲದಿದ್ದರೆ ತಳ್ಳುವುದು ಅನ್ಯಾಯ.

ಆ ಬಾಲಕಿ ಮೂರು ದಿನ ಬಿಟ್ಟು ಬಂದು, ಮಗ್ಗಿಯನ್ನು ಸೊನ್ನೆಯಿಂದ ಹಿಂದಕ್ಕೆ ಬರೆದು ನೋಡಿ ಕಾರಣ ಕಂಡುಕೊಂಡೆನೆಂದು ಹೇಳಿದಳು. ಅದಕ್ಕೆ ಬೇಕಾದದ್ದು ಒಂದು ಪ್ರಶ್ನೆ ಮತ್ತು ಮೂರು ದಿನಗಳ ಬಿಡುವು. ನಮ್ಮ ಶಾಲೆಗಳು ಮಕ್ಕಳಿಗೆ ಇಷ್ಟನ್ನಾದರೂ ಕೊಡಲಾರವೇ?