ಲೆಕ್ಕದಲ್ಲಿ ಹಂಚಿಹೋದ ತಾಂಡಾದ ಮಾತು

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ತಾಂಡಾ ನಿವಾಸಿಗಳಿಗೆ ಹಾಗೂ ಗಣತಿಗೆ ಬರುವ ಶಿಕ್ಷಕರಿಗೆ

2027ರ ಮಾರ್ಚ್ 1ನ್ನು ಲೆಕ್ಕದ ದಿನವಾಗಿಟ್ಟುಕೊಂಡು ದೇಶದ ಜನಗಣತಿ ನಡೆಯಲಿದೆ. ಗಣತಿದಾರರು ಜಾತಿ ಕೇಳುತ್ತಾರೆ, ಮಾತೃಭಾಷೆಯನ್ನೂ ಕೇಳುತ್ತಾರೆ. ಗಜೇಂದ್ರಗಡದ ಗುಡ್ಡದ ಮಗ್ಗುಲಿನ ತಾಂಡಾಗಳಲ್ಲಿ ಮೊದಲ ಪ್ರಶ್ನೆಗೆ ಉತ್ತರ ಥಟ್ಟನೆ ಬರುತ್ತದೆ. ಜಾತಿ ಪ್ರಮಾಣಪತ್ರ ಟ್ರಂಕಿನಲ್ಲಿ ಭದ್ರವಾಗಿದೆ. ಎರಡನೆಯ ಪ್ರಶ್ನೆಗೆ ಒಬ್ಬರು ‘ಲಮಾಣಿ’ ಎಂದರೆ ಇನ್ನೊಬ್ಬರು ‘ಬಂಜಾರ’ ಎನ್ನುತ್ತಾರೆ, ಸಂಘಟನೆಯಲ್ಲಿ ಓಡಾಡಿದವರು ‘ಗೋರ್ ಬೋಲಿ’ ಎನ್ನುತ್ತಾರೆ, ಬಂದ ಮಾಸ್ತರರಿಗೆ ಏಕೆ ತೊಂದರೆ ಎಂದು ‘ಕನ್ನಡ’ ಬರೆಸುವವರೂ ಇದ್ದಾರೆ. ಮನೆಯೊಳಗೆ ಮಾತ್ರ ಎಲ್ಲರೂ ಆಡುವುದು ಒಂದೇ ಮಾತು.

ಈ ಸಲ ಮಾತೃಭಾಷೆಯ ಕಾಲಮ್ಮಿನಲ್ಲಿ ಎಲ್ಲ ತಾಂಡಾಗಳೂ ‘ಲಂಬಾಣಿ’ ಎಂಬ ಒಂದೇ ಹೆಸರನ್ನು ಬರೆಸಬೇಕು. ಈ ಕರಪತ್ರ ಹೇಳಹೊರಟಿರುವುದು ಇಷ್ಟೇ.

ಕಾರಣ 2011ರ ಗಣತಿಯಲ್ಲಿದೆ. ಆಗ ‘ಲಮಾಣಿ/ಲಂಬಾಡಿ’ ಎಂದು ಬರೆಸಿದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು, ‘ಬಂಜಾರಿ’ ಎಂದು ಬರೆಸಿದವರು 15 ಲಕ್ಷಕ್ಕೂ ಹೆಚ್ಚು. ಎರಡೂ ಕೂಡಿದರೆ 48 ಲಕ್ಷ. ಆದರೆ ಪ್ರಕಟವಾದ ಭಾಷೆಗಳ ಪಟ್ಟಿಯಲ್ಲಿ ಈ ಹೆಸರಿನ ಭಾಷೆಯೇ ಇಲ್ಲ. ಭೋಜಪುರಿ, ರಾಜಸ್ಥಾನಿ ಮೊದಲಾದ 50ಕ್ಕೂ ಹೆಚ್ಚು ಮಾತುಗಳ ಜೊತೆ ಇವೆರಡನ್ನೂ ಬೇರೆ ಬೇರೆ ಸಾಲುಗಳಾಗಿ ‘ಹಿಂದಿ’ಯ ಅಡಿಯಲ್ಲಿ ಸೇರಿಸಲಾಗಿದೆ. ಅದೇ ಗಣತಿಯಲ್ಲಿ 18 ಲಕ್ಷ ಜನರ ತುಳುವಿಗೆ ತನ್ನದೇ ಸ್ಥಾನವಿದೆ, 1.13 ಲಕ್ಷ ಜನರ ಕೊಡವ ಭಾಷೆಗೂ ಇದೆ. ಅವಕ್ಕೆ ಸಿಕ್ಕಿದ್ದು ನ್ಯಾಯವೇ. 48 ಲಕ್ಷ ಜನರ ಮಾತಿಗೆ ಅದು ಸಿಗದಿರುವುದು ನ್ಯಾಯವಲ್ಲ.

ಇಷ್ಟೊಂದು ಹೆಸರುಗಳು ಬಂದದ್ದಾದರೂ ಎಲ್ಲಿಂದ? ತಾಂಡಾದವರು ತಮ್ಮನ್ನು ಕರೆದುಕೊಳ್ಳುವುದು ‘ಗೋರ್’ ಎಂದು, ಹೊರಗಿನವರೆಲ್ಲ ‘ಕೋರ್’. ಉಳಿದ ಹೆಸರುಗಳನ್ನು ಕೊಟ್ಟವರು ಬಹುಮಟ್ಟಿಗೆ ಈ ಕೋರ್ ಜನ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿದವರಿಗೆ ಲವಣದಿಂದ ‘ಲಂಬಾಣಿ’, ವಾಣಿಜ್ಯದಿಂದ ‘ಬಂಜಾರ’ ಎಂಬ ಹೆಸರು ಬಂತೆಂದು ಹೇಳುವುದುಂಟು. ಗಜೇಂದ್ರಗಡದ ಕೋಟೆಗಾಗಿ 1786ರಲ್ಲಿ ಮರಾಠರೂ ಟಿಪ್ಪುವೂ ಕಾದಾಡಿ, ಮರುವರ್ಷ ಅದೇ ಊರಿನ ಹೆಸರಿನಲ್ಲಿ ಒಪ್ಪಂದ ಮಾಡಿಕೊಂಡ ಕಾಲದಲ್ಲಿ ದಖ್ಖನಿನ ದಂಡುಗಳು ಕಾಳಿಗಾಗಿ ಕಾಯುತ್ತಿದ್ದುದು ಇಂಥ ಹೇರೆತ್ತುಗಳ ಸಾಲನ್ನೇ. ನಾಲ್ಕೈದು ವರ್ಷಗಳ ಮೇಲೆ ಟಿಪ್ಪುವಿನ ವಿರುದ್ಧ ಬಂದ ಇಂಗ್ಲಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯಕ್ಕೂ ಇವರೇ ಧಾನ್ಯ ತಲುಪಿಸಿದರು. ಇಂಗ್ಲಿಷರ ಕಾಗದಪತ್ರಗಳಲ್ಲಿ ಇವರ ಹೆಸರು ‘ಬ್ರಿಂಜಾರಿ’ ಆಯಿತು.

1880ರ ದಶಕದಲ್ಲಿ ಗದಗಕ್ಕೆ ರೈಲು ಬಂತು. ಹೇರೆತ್ತಿನ ವ್ಯಾಪಾರ ಮುಗಿಯಿತು. ಕಾಳು ಬೇಕಾದಾಗ ಕರೆದವರೇ ಈಗ ಅಲೆಮಾರಿಗಳನ್ನು ಅನುಮಾನದಿಂದ ನೋಡಿದರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ದೇಶವ್ಯಾಪಿಯಾಯಿತು, 1952ರಲ್ಲಿ ರದ್ದಾಯಿತು. ಅದರ ನೆರಳು ಹೆಸರಿನಲ್ಲಿ ಉಳಿದಿದೆ. ಮಹಾರಾಷ್ಟ್ರದ ಪಟ್ಟಿಯಲ್ಲಿ ಬಂಜಾರರು ಇಂದಿಗೂ ‘ವಿಮುಕ್ತ ಜಾತಿ’, ಅಂದರೆ ಆ ಕಾಯ್ದೆಯಿಂದ ಬಿಡುಗಡೆಯಾದವರು.

ಜಾತಿಯ ಹೆಸರು ಗಡಿ ದಾಟಿದರೆ ಬೆಲೆ ಬದಲಾಗುತ್ತದೆ. ಹಳೆಯ ಮೈಸೂರಿನಲ್ಲಿ ಲಂಬಾಣಿಗರು ಮೊದಲಿನಿಂದ ಪರಿಶಿಷ್ಟ ಜಾತಿ. 1956ರವರೆಗೆ ಮುಂಬೈ ರಾಜ್ಯದಲ್ಲಿದ್ದ ರೋಣ, ನರಗುಂದದ ಅವರ ಬಂಧುಗಳಿಗೆ ಆ ಮಾನ್ಯತೆ ಬಂದದ್ದು, ಮಾನ್ಯತೆ ಆಯಾ ಪ್ರದೇಶಕ್ಕಷ್ಟೇ ಎಂಬ ಪ್ರದೇಶ ನಿರ್ಬಂಧ ತೆಗೆದ 1976ರ ತಿದ್ದುಪಡಿ ಕಾಯ್ದೆಯಿಂದ, ಅದೂ 1977ರ ಜುಲೈನಲ್ಲಿ. ಕರ್ನಾಟಕದ ಪಟ್ಟಿಯ ಒಂದೇ ನಮೂದಿನಲ್ಲಿ ಬಂಜಾರ, ಲಂಬಾಣಿ, ಲಂಬಾಡ, ಲಂಬಾಡಿ, ಲಮಾಣಿ, ಸುಗಾಲಿ, ಸುಕಾಲಿ ಎಂದು ಏಳು ಹೆಸರುಗಳಿವೆ. ಆಂಧ್ರ, ತೆಲಂಗಾಣಗಳಲ್ಲಿ ಇದೇ ಜನ ಪರಿಶಿಷ್ಟ ಪಂಗಡ. ಗೋವಾದ ಪರಿಶಿಷ್ಟರ ಪಟ್ಟಿಯಲ್ಲಿ ಇವರ ಹೆಸರೇ ಇಲ್ಲ. ಅಡ್ಡಹೆಸರಿನಿಂದಲೂ ಗುರುತು ಸಿಗದು: ವಿಧಾನಸಭೆಯ ಉಪಸಭಾಧ್ಯಕ್ಷರಾದ ರುದ್ರಪ್ಪ ಲಮಾಣಿಯವರೂ ಮಾಜಿ ಸಚಿವ ಪ್ರಭು ಚವ್ಹಾಣರೂ ಒಂದೇ ಸಮುದಾಯದವರು. ಚವ್ಹಾಣ, ಜಾಧವ ಎಂಬ ಅಡ್ಡಹೆಸರುಗಳು ಮರಾಠರಲ್ಲೂ ಇವೆ. ಊರು, ರಾಜ್ಯ, ಪಟ್ಟಿ ಯಾವುದು ಬದಲಾದರೂ ಬದಲಾಗದೆ ಉಳಿಯುವುದು ಮನೆಮಾತೊಂದೇ.

ಮನೆಮಾತಿನ ಮೇಲೆ ಒಂದು ಹೆಸರು ಕಟ್ಟಿಕೊಂಡು ಲೆಕ್ಕಕ್ಕೆ ಬಂದವರ ಉದಾಹರಣೆ ಅಮೆರಿಕದಲ್ಲಿದೆ. ಕ್ಯಾಲಿಫೋರ್ನಿಯಾದ ಮೆಕ್ಸಿಕೊ ಮೂಲದವರು, ನ್ಯೂಯಾರ್ಕಿನ ಪೋರ್ಟೊರಿಕೊದವರು, ಫ್ಲಾರಿಡಾದ ಕ್ಯೂಬಾದವರು ಮೂರು ಬೇರೆ ಮಂದಿ, ಪೂರ್ವಿಕರ ಮಾತು ಮಾತ್ರ ಸ್ಪ್ಯಾನಿಷ್. 1970ರ ಗಣತಿಯಲ್ಲಿ ಸ್ಪ್ಯಾನಿಷ್ ಮೂಲದ ಪ್ರಶ್ನೆಯನ್ನು ನೂರಕ್ಕೆ ಐದು ಮನೆಗಳಿಗಷ್ಟೇ ಕೇಳಿದರು. ಅದರಲ್ಲೂ ಎಡವಟ್ಟಾಯಿತು. ‘ಮಧ್ಯ ಅಥವಾ ದಕ್ಷಿಣ ಅಮೆರಿಕದವರು’ ಎಂಬ ಆಯ್ಕೆಯನ್ನು ತಮ್ಮ ದೇಶದ ನಡುಭಾಗ, ತೆಂಕಣ ಭಾಗ ಎಂದು ತಿಳಿದು, ಸ್ಪ್ಯಾನಿಷಿನ ಗಂಧವಿಲ್ಲದ ಅನೇಕರು ಗುರುತು ಹಾಕಿದರು. ಸಂಘಟನೆಗಳು ಪಟ್ಟುಹಿಡಿದವು. ಇತ್ತ ದಿಲ್ಲಿಯಲ್ಲಿ ಪ್ರದೇಶ ನಿರ್ಬಂಧ ತೆಗೆದ 1976ರಲ್ಲೇ ಅತ್ತ ಸ್ಪ್ಯಾನಿಷ್ ಮೂಲದವರ ಅಂಕಿಅಂಶ ಪ್ರತ್ಯೇಕವಾಗಿ ಸಂಗ್ರಹಿಸುವ ಕಾಯ್ದೆ ಬಂತು, ಮರುವರ್ಷ ‘ಹಿಸ್ಪ್ಯಾನಿಕ್’ ಎಂಬ ಸರ್ಕಾರಿ ಹೆಸರಿಗೆ ವ್ಯಾಖ್ಯೆ ಬಂತು, 1980ರಲ್ಲಿ ಪ್ರಶ್ನೆ ಎಲ್ಲ ಮನೆಗಳಿಗೂ ಹೋಯಿತು. ಆ ವರ್ಷ ಸಿಕ್ಕ ಲೆಕ್ಕ 1.46 ಕೋಟಿ, 2020ರಲ್ಲಿ 6.2 ಕೋಟಿ.

ಆ ಹೆಸರು ಎಲ್ಲರಿಗೂ ಹಿಡಿಸಲಿಲ್ಲ. ತಮ್ಮನ್ನು ಆಳಿದ ಸ್ಪೇನಿನ ವಾಸನೆ ಅದರಲ್ಲಿದೆ ಎಂದವರಿದ್ದರು. 2000ದ ಗಣತಿಯಲ್ಲಿ ಅದರ ಪಕ್ಕಕ್ಕೆ ‘ಲ್ಯಾಟಿನೊ’ ಸೇರಿತು. ಮನೆಯಲ್ಲಿ ಇಂದಿಗೂ ಮೆಕ್ಸಿಕನ್, ಕ್ಯೂಬನ್ ಎಂದೇ ಹೇಳಿಕೊಳ್ಳುವವರು ಬಹಳ. ನಮೂನೆಯಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು ಎಂಬ ಹೊಂದಾಣಿಕೆ ಅವರಿಗೆ ನಷ್ಟ ತಂದಿಲ್ಲ.

ಇಲ್ಲಿಯೂ ಆಕ್ಷೇಪ ಬರುತ್ತದೆ. ‘ಗೋರ್’ ಎಂಬುದೇ ಸ್ವಂತದ ಹೆಸರು, ಅದನ್ನೇಕೆ ಬಿಡಬೇಕು ಎಂಬ ಮಾತು ತೂಕದ್ದು. ಬಿಡಬೇಕಾಗಿಲ್ಲ, ಹಾಡಿನಲ್ಲಿ, ಹಬ್ಬದಲ್ಲಿ, ಸಂತ ಸೇವಾಲಾಲರ ಜಯಂತಿಯಲ್ಲಿ ಅದು ಮೆರೆಯಲಿ. ಗಣತಿಯಲ್ಲಿ ಮಾತ್ರ ಈಗಾಗಲೇ ಎರಡು ಪಾಲಾದ ಲೆಕ್ಕ ಮೂರು ಪಾಲಾಗುವುದು ಬೇಡ. ಕನ್ನಡಕ್ಕೆ ದ್ರೋಹವಾಗುತ್ತದೆಯೇ ಎಂಬುದು ಇನ್ನೊಂದು ಅಳುಕು. 2011ರ ನಮೂನೆಯಲ್ಲಿ ಮಾತೃಭಾಷೆಯಲ್ಲದೆ ಬಲ್ಲ ಇನ್ನೆರಡು ಭಾಷೆಗಳನ್ನು ಬರೆಯಲು ಜಾಗವಿತ್ತು. ಕನ್ನಡದ ಸ್ಥಾನ ಅಲ್ಲಿದೆ. ಕನ್ನಡ ಲಿಪಿಯಲ್ಲೇ ಲಂಬಾಣಿ ಬರೆಯುವವರಿಂದ ಕನ್ನಡಕ್ಕೆ ಕುಂದಿಲ್ಲ.

ಶಿಕ್ಷಕರಿಗೆ ಒಂದು ಮಾತು. 2011ರ ಗಣತಿ ಸೂಚನೆಯಂತೆ, ಬಾಲ್ಯದಲ್ಲಿ ತಾಯಿ ಆಡಿದ ಮಾತೇ ಮಾತೃಭಾಷೆ. ಅದು ಭಾಷೆಯೋ ಉಪಭಾಷೆಯೋ ಎಂದು ತೀರ್ಮಾನಿಸುವುದು ಗಣತಿದಾರರ ಕೆಲಸವಲ್ಲ. ಹೇಳಿದ್ದನ್ನು ಹೇಳಿದಂತೆ ಬರೆಯಬೇಕು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ತಿಂಗಳಿನ ವಿಷಯದಲ್ಲಿ. ಎಣಿಕೆ ನಡೆಯುವುದು ಫೆಬ್ರುವರಿಯಲ್ಲಿ. ಆಗ ತಾಂಡಾದ ದುಡಿಯುವ ಜನ ಕಬ್ಬಿನ ಗ್ಯಾಂಗಿನಲ್ಲೋ ಮಂಗಳೂರಿನ ಕಟ್ಟಡ ಕೆಲಸದಲ್ಲೋ ಗೋವಾದಲ್ಲೋ ಇರುತ್ತಾರೆ. ಗೋವಾದವರ ಬಾಯಲ್ಲಿ ಘಟ್ಟದ ಮೇಲಿನವರೆಲ್ಲ ‘ಘಾಟಿ’. ಅಲ್ಲಿನ ಗಣತಿದಾರ ಕೇಳದೆಯೇ ಹಿಂದಿ ಎಂದೋ ಕನ್ನಡ ಎಂದೋ ಬರೆದುಕೊಂಡು ಹೋಗಬಹುದು. ಆದ್ದರಿಂದ ದೀಪಾವಳಿಗೆ ಎಲ್ಲರೂ ಊರಿಗೆ ಬಂದಾಗ ನಾಯಕರು, ಕಾರಭಾರಿಗಳು ತಾಂಡಾದವರನ್ನು ಕೂಡಿಸಿ ಇದನ್ನು ಓದಿ ಹೇಳಬೇಕು. ಲಂಬಾಣಿಗೆ ಪ್ರತ್ಯೇಕ ಸ್ಥಾನ ಕೊಡಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿಗಳ ಮೂಲಕ ಜನಗಣತಿ ಆಯುಕ್ತರಿಗೆ ಕಳಿಸಬೇಕು. ದುಡಿಯಲು ಹೋದವರು ಎಲ್ಲೇ ಇರಲಿ, ಗಣತಿದಾರ ಬರೆದುಕೊಂಡದ್ದನ್ನು ಒಮ್ಮೆ ಓದಿಸಿ ಕೇಳಬೇಕು.