ಅಡುಗೆಕೋಣೆಗೂ ಒಂದು ಕುರ್ಚಿ ಬೇಕು

ನಮ್ಮ ಮಸೀದಿಯ ಮೊದಲ ಸಫ್ಫಿನ ಬದಿಯಲ್ಲಿ ಹತ್ತು ವರ್ಷದ ಹಿಂದೆ ಇದ್ದದ್ದು ಎರಡೇ ಕುರ್ಚಿ. ಈಗ ಜುಮಾ ದಿನ ಹನ್ನೊಂದು ಬೇಕು. ಮೊಣಕಾಲು ಮಡಚಲು ಆಗದವರು, ಡಿಸ್ಕ್ ಜಾರಿದವರು, ಗಲ್ಫ್‌ನಲ್ಲಿ ಇಪ್ಪತ್ತು ವರ್ಷ ಭಾರ ಎತ್ತಿ ಬಂದವರು. ಕಮಿಟಿಯವರು ಯಾರೂ ಕೇಳುವ ಮೊದಲೇ ಕುರ್ಚಿ ತರಿಸಿದ್ದಾರೆ. ಒಳ್ಳೆಯ ಕೆಲಸ. ಮೂಲವ್ಯಾಧಿಯಿದ್ದ ಸಹಾಬಿ ಇಮ್ರಾನ್ ಬಿನ್ ಹುಸೈನ್‌ರಿಗೆ (ರ), ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಬದಿಗೆ ಮಲಗಿ ನಮಾಝ್ ಮಾಡಲು ಪ್ರವಾದಿಯವರು (ಸ) ಹೇಳಿಕೊಟ್ಟದ್ದು ಬುಖಾರಿಯಲ್ಲಿದೆ.

ಆದರೆ ಆ ಹನ್ನೊಂದು ಮಂದಿಯ ಮನೆಯ ಹೆಂಗಸರ ಮೊಣಕಾಲನ್ನು ಯಾರು ಲೆಕ್ಕ ಮಾಡಿದ್ದಾರೆ?

ಬೇರೆಯವರ ಮನೆ ಸುದ್ದಿ ಬೇಡ, ನನ್ನದೇ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಹೆಂಡತಿಗೆ ಹೊಟ್ಟೆ ಉರಿ ಜೋರಾಯಿತು. ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. "ಮಾತ್ರೆ ಏನಾದರೂ ತೆಗೊಳ್ತಾರಾ?" ಅಂತ ಅವರು ಕೇಳಿದ್ದು ನನ್ನನ್ನು. ನಾನು "ಇಲ್ಲ" ಅಂದೆ. ಅವಳು ಮೆಲ್ಲಗೆ, "ದಿನಕ್ಕೆ ಎರಡು. ಮೂರು ವರ್ಷದಿಂದ" ಅಂದಳು. ಕುತ್ತಿಗೆ ಮತ್ತು ಕೈ ನೋವಿಗೆ ಮೆಡಿಕಲಿನಿಂದ ತರಿಸುತ್ತಿದ್ದ ಮಾತ್ರೆ. ತಂದು ಕೊಡುತ್ತಿದ್ದವನು ನಮ್ಮ ಸಣ್ಣ ಮಗ. ಒಂದೇ ಮನೆಯಲ್ಲಿ ಮಲಗುವ ನನಗೆ ಗೊತ್ತಿಲ್ಲ!

ಮದುವೆಯಾಗಿ ಬಂದಾಗಿನಿಂದ ಅವಳು ಬೀಡಿ ಕಟ್ಟಿದವಳು. ತಡ್ಪೆ ಮಡಿಲಲ್ಲಿಟ್ಟು, ಕುತ್ತಿಗೆ ಬಗ್ಗಿಸಿ, ಎಲೆ ಕತ್ತರಿಸಿ, ಸುರುಳಿ ಮಾಡಿ, ನೂಲು ಸುತ್ತಿ ಗಂಟೆಗಟ್ಟಲೆ ಕೂತು ಮಾಡುವ ಕೆಲಸ. ಸಾವಿರ ಬೀಡಿ ಅಂದರೆ ಅದೇ ಬೆರಳುಗಳು ಅದೇ ರೀತಿ ಸಾವಿರ ಸಲ ತಿರುಗಬೇಕು. ಅದು ಮುಗಿದ ಮೇಲೆ ನೆಲದಲ್ಲಿ ಕೂತು ಮೀನು ಕೊಯ್ಯಬೇಕು, ಬಟ್ಟೆ ಒಗೆಯಬೇಕು. ನಮ್ಮ ಎಷ್ಟೋ ಮನೆಗಳ ಮಾಡು ಎದ್ದದ್ದು, ಮಕ್ಕಳ ಫೀಸು ಕಟ್ಟಿದ್ದು ಈ ಬೀಡಿ ದುಡ್ಡಿನಲ್ಲೇ ಅಲ್ಲವೇ?

ಮೂರು ತಿಂಗಳಿಗಿಂತ ಹೆಚ್ಚು ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಅನ್ನುತ್ತಾರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗವೇ ಉಂಟು. ಇಂಥ ನೋವು ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಮೈಗ್ರೇನ್ ಎರಡು ಮೂರು ಪಟ್ಟು ಹೆಚ್ಚು. ಐವತ್ತು ದಾಟಿದ ಮೇಲೆ ಮೊಣಕಾಲು ಸವೆತವೂ ಅವರಿಗೇ ಹೆಚ್ಚು. ನೋವು ನಿದ್ದೆ ಕೆಡಿಸುತ್ತದೆ, ನಿದ್ದೆ ಇಲ್ಲದಿದ್ದರೆ ನೋವು ಇನ್ನೂ ಏರುತ್ತದೆ, ಮನಸ್ಸೂ ಕುಗ್ಗುತ್ತದೆ. "ಅವಳಿಗೆ ಈಗ ಯಾವಾಗಲೂ ಸಿಟ್ಟು" ಅಂತ ನಾವು ದೂರುತ್ತೇವಲ್ಲ, ಅದರ ಹಿಂದೆ ಏನುಂಟು ಅಂತ ಕೇಳಿದ್ದೇವಾ?

ಗಂಡಸರಿಗೆ ನೋವು ಕಡಿಮೆ ಅಂತ ನಾನು ಹೇಳುವುದಿಲ್ಲ. ದಕ್ಕೆಯಲ್ಲಿ ಮೀನಿನ ಪೆಟ್ಟಿಗೆ ಹೊರುವವನಿಗೆ, ರಾತ್ರಿಯಿಡೀ ಲಾರಿ ಬಿಡುವವನಿಗೆ ಸೊಂಟ ಹೋದರೆ ಮನೆಯ ಅನ್ನವೇ ಹೋಯಿತು. ಗಲ್ಫ್‌ನಲ್ಲಿರುವವನು ಕೆಲಸ ಹೋದೀತು ಅಂತ ಬೆಲ್ಟ್ ಕಟ್ಟಿಕೊಂಡು ಸುಮ್ಮನಿರುತ್ತಾನೆ, ಫೋನಿನಲ್ಲಿ "ಎಲ್ಲ ಸರಿ ಉಂಟು" ಅನ್ನುತ್ತಾನೆ. ಊರಿಗೆ ಬಂದು ಕೂತ ಮೇಲೆ ತಾನು ಯಾರಿಗೂ ಬೇಡ ಅನ್ನುವ ಚಿಂತೆ ಅವನನ್ನು ತಿನ್ನುತ್ತದೆ. ಆದರೂ ಒಂದು ವ್ಯತ್ಯಾಸ ಉಂಟು ಮಾರಾಯ್ರೆ. ಗಂಡಸು ಮಲಗಿದರೆ ಆ ದಿನದ ಸಂಬಳ ನಿಲ್ಲುತ್ತದೆ, ಹಾಗಾಗಿ ಎಲ್ಲರಿಗೂ ಗೊತ್ತಾಗುತ್ತದೆ. ಹೆಂಗಸು ಮಲಗುವುದೇ ಇಲ್ಲ. ಕೆಲಸ ನಡೆಯುತ್ತಿದೆ, ಹಾಗಾದರೆ ನೋವು ಇಲ್ಲ ಅಂತ ನಾವು ತೀರ್ಮಾನ ಮಾಡಿಬಿಡುತ್ತೇವೆ.

ಇದರಲ್ಲಿ ನಮ್ಮಂಥ ಉಸ್ತಾದರ ಪಾಲೂ ಉಂಟು. ತಲೆನೋವು, ಕಾಲುನೋವು ಅಂತ ಬಂದ ಎಷ್ಟೋ ಹೆಂಗಸರಿಗೆ ನೀರು ಓದಿ ಕೊಟ್ಟು, "ಸಬ್ರ್ ಮಾಡಿ" ಅಂತ ಕಳಿಸಿದ್ದೇನೆ. ಡಾಕ್ಟರಿಗೆ ತೋರಿಸಿದಿರಾ ಅಂತ ಕೇಳಲಿಲ್ಲ. ಅಯ್ಯೂಬ್ ನಬಿ (ಅ) ತನ್ನ ಸಂಕಟವನ್ನು ಅಲ್ಲಾಹನಲ್ಲಿ ಬಾಯಿಬಿಟ್ಟೇ ಹೇಳಿಕೊಂಡರು. ಆದರೂ ಕುರ್‌ಆನ್ ಅವರನ್ನು ಸಹನಶೀಲರೆಂದೇ ಹೊಗಳಿದೆ. ನೋವು ಹೇಳುವುದು ಸಬ್ರಿಗೆ ವಿರುದ್ಧ ಅಂತ ನಮ್ಮ ಹೆಣ್ಣುಮಕ್ಕಳಿಗೆ ಕಲಿಸಿದ್ದು ಯಾರು? ಮದ್ದು ಮಾಡಿ ಅಂದದ್ದೂ ಪ್ರವಾದಿಯವರೇ (ಸ).

ಜಮಾಅತಿನವರು ಮೆಡಿಕಲ್ ಕ್ಯಾಂಪ್ ಮಾಡುತ್ತಾರೆ. ಶುಗರ್, ಬಿಪಿ, ಕಣ್ಣು ನೋಡುತ್ತಾರೆ, ಫೋಟೋ ಪೇಪರಿಗೆ ಬರುತ್ತದೆ. ಭಾನುವಾರ ಬೆಳಿಗ್ಗೆ ಇಟ್ಟರೆ ಹೆಂಗಸರು ಬರುವುದು ಹೇಗೆ, ಆಗ ಅವರು ಒಲೆಯ ಮುಂದೆ ಇರುತ್ತಾರೆ. ಮುಂದಿನ ಸಲ ಮಧ್ಯಾಹ್ನದ ಮೇಲೆ ಇಡಿ. ಒಬ್ಬರು ಲೇಡಿ ಡಾಕ್ಟರು, ಒಬ್ಬರು ಫಿಸಿಯೋಥೆರಪಿಯವರು ಇರಲಿ. ಮನೆಯಲ್ಲಿ ದಿನಾ ನೋವಿನ ಮಾತ್ರೆ ನುಂಗುವವರು ಇದ್ದರೆ ಈ ವಾರವೇ ಡಾಕ್ಟರಿಗೆ ತೋರಿಸಿ. ಅದು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಯನ್ನೂ ಕೆಡಿಸಬಹುದು. ಡಾಕ್ಟರ ಮುಂದೆ ಅವರೇ ಮಾತಾಡಲಿ, ನಾವು ಬಾಯಿ ಮುಚ್ಚಿ ಕೂರೋಣ.

ನನ್ನ ಹೆಂಡತಿ ಈಗ ಆ ಮಾತ್ರೆ ಬಿಟ್ಟಿದ್ದಾಳೆ. ಫಿಸಿಯೋದವರು ಹೇಳಿಕೊಟ್ಟ ಕುತ್ತಿಗೆಯ ವ್ಯಾಯಾಮ ಮಾಡುತ್ತಾಳೆ. ನೋವು ಪೂರ್ತಿ ಹೋಗಿಲ್ಲ. ರಾತ್ರಿ ನಾಲ್ಕೈದು ಗಂಟೆ ನಿದ್ದೆ ಬರುತ್ತದೆ. ಅಡುಗೆಕೋಣೆಗೆ ಕುರ್ಚಿ ತಂದಾಗ, "ಕುರ್ಚಿಯಲ್ಲಿ ಕೂತು ನೆಲದ ಮೇಲಿನ ಮೀನು ಕೊಯ್ಯುವುದು ಹೇಗೆ?" ಅಂತ ನಕ್ಕಳು. ಅದೂ ಸರಿ. ಕುರ್ಚಿಯ ಎತ್ತರಕ್ಕೆ ಸರಿಯಾಗಿ ಮೇಜು ಮಾಡಲು ಆಚಾರಿಗೆ ಹೇಳಿದ್ದೇನೆ. ನಾನು ಕೊಟ್ಟ ಅಳತೆ ತಪ್ಪು ಅಂತ ಅವಳೇ ಹೋಗಿ ಎರಡು ಇಂಚು ಇಳಿಸಿ ಬಂದಿದ್ದಾಳೆ.