ಹುಟ್ಟುಗುಣದ ನಾಗರಿಕತೆಗಳು

ಕಂಪ್ಯೂಟರಿನಲ್ಲಿ ರಾಜ್ಯ ಕಟ್ಟುವ ಆಟ ಆಡುವ ಇಬ್ಬರು ಹುಡುಗರು ಒಂದು ಕಡೆ ಕೂತರೆಂದರೆ ಮೊದಲು ಹೊರಡುವ ಪ್ರಶ್ನೆ, 'ಯಾವ ನಾಗರಿಕತೆ ತಗೊಂಡ್ರೆ ಗೆಲ್ಲಬಹುದು?' ಎಂಬುದು. ಸಂಬಂಧ ನೋಡಲು ಹೋದ ಹಿರಿಯರು ಹುಡುಗನ ದುಡಿಮೆ ವಿಚಾರಿಸುವ ಮೊದಲು ಮನೆತನ ವಿಚಾರಿಸುವ ಹಾಗೆ. ಸೋತವನು ಕೂಡ ತಾನು ಆಡಿದ್ದೇನೋ ಸರಿಯಾಗಿತ್ತು, ಆರಿಸಿಕೊಂಡ ಕುಲ ಮಾತ್ರ ಸರಿಯಿರಲಿಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಈ ಪ್ರಶ್ನೆಯೇ ಅಡ್ಡದಾರಿಯದು ಎಂಬುದು ನನ್ನ ತಕರಾರು. ಅದು ಆಟದ ಲೆಕ್ಕಕ್ಕೂ ಕೂಡುವುದಿಲ್ಲ, ಚರಿತ್ರೆಯ ಲೆಕ್ಕಕ್ಕೂ ಕೂಡುವುದಿಲ್ಲ.

ನಾನು ಹೇಳುತ್ತಿರುವುದು 'ಏಜ್ ಆಫ್ ಎಂಪೈರ್ಸ್' ಆಟದ ಎರಡನೆಯ ಕಂತಿನ ವಿಷಯ. 1999ರಲ್ಲಿ ಬಂದದ್ದು, ಹೊಸ ಬಣ್ಣ ಬಳಿದುಕೊಂಡು ಇಂದಿಗೂ ನಡೆಯುತ್ತಿದೆ. ಆಗ ಅದರಲ್ಲಿ 13 ನಾಗರಿಕತೆಗಳಿದ್ದವು, ಈಗ 40 ದಾಟಿವೆ. ಒಂದೊಂದಕ್ಕೂ ಒಂದೊಂದು ವರ. ಕುರಿಯಿಂದ ಆಹಾರ ತೆಗೆಯುವುದರಲ್ಲಿ ಬ್ರಿಟನ್ನರು ಉಳಿದವರಿಗಿಂತ ಶೇಕಡಾ 25ರಷ್ಟು ಚುರುಕು. ಬೇಟೆಯಲ್ಲಿ ಮಂಗೋಲರು ಶೇಕಡಾ 40, ಮರ ಕಡಿಯುವುದರಲ್ಲಿ ಕೆಲ್ಟರು ಶೇಕಡಾ 15, ಚಿನ್ನ ಅಗೆಯುವುದರಲ್ಲಿ ತುರ್ಕರು ಶೇಕಡಾ 20. ನಾವು ಮಗ್ಗಿ ಒಪ್ಪಿಸಿದ ಹಾಗೆ ಈಗಿನ ಹುಡುಗರು ಇದನ್ನು ಒಪ್ಪಿಸುತ್ತಾರೆ.

ಮೊದಲು ಆಟದ ಲೆಕ್ಕವನ್ನೇ ನೋಡೋಣ. ಸಾಮಾನ್ಯವಾಗಿ ಸಿಗುವ ಬಂಡವಾಳ ಇಷ್ಟು: ಮೂವರು ಆಳುಗಳು, ಕುದುರೆ ಏರಿದ ಒಬ್ಬ ಬೇಹುಗಾರ, 200 ಆಹಾರ, 200 ಮರ, 100 ಚಿನ್ನ, 200 ಕಲ್ಲು. ಒಬ್ಬ ಹೊಸ ಆಳು ಬರಬೇಕಾದರೆ 50 ಆಹಾರ, 25 ಸೆಕೆಂಡು ಬೇಕು. ಅಂದರೆ ಕೈಯಲ್ಲಿರುವ ದವಸ ನಾಲ್ಕು ಆಳಿಗೆ, ನೂರು ಸೆಕೆಂಡಿಗೆ ಸರಿಹೋಯಿತು. ಅಷ್ಟರೊಳಗೆ ಬೇಹುಗಾರ ಕುರಿ ಹುಡುಕಿರಬೇಕು, ಯಾರಾದರೂ ಅದನ್ನು ಕಡಿಯುತ್ತಿರಬೇಕು. ಊರ ನಡುವಿನ ಕಟ್ಟಡದಲ್ಲಿ ಐದು ಜನಕ್ಕೆ ಮಾತ್ರ ಜಾಗ, ನಾಲ್ವರು ಆಗಲೇ ಇದ್ದಾರೆ. ಒಬ್ಬ ಬಂದ ಮೇಲೆ ಇನ್ನೊಬ್ಬನಿಗೆ ಮನೆ ಬೇಕು. ಮನೆಗೆ 25 ಮರ. ಕುರಿ, ಬೇಟೆ ಮುಗಿದ ಮೇಲೆ ಹೊಲ ಮಾಡಬೇಕು, ಹೊಲ ಒಂದಕ್ಕೆ 60 ಮರ. ಅನ್ನ ಬೇಕಾದವನು ಮೊದಲು ಕೊಡಲಿ ಹಿಡಿಯಬೇಕು. ತಿಂಗಳ ಕೊನೆಯ ವಾರವನ್ನು ದಾಟಿಸಿ ಗೊತ್ತಿರುವ ಗೃಹಿಣಿಯರಿಗೆ ಇದರಲ್ಲಿ ಹೊಸದೇನೂ ಇಲ್ಲ. ಅವರು ಆಡಲು ಕೂತರೆ ಈ ಹುಡುಗರ ಗತಿ ಏನಾದೀತೋ!

ಈಗ ಕೆಲ್ಟರ ವರವನ್ನು ತೂಗಿ ನೋಡಿ. ಹತ್ತು ಜನ ಮರ ಕಡಿಯುತ್ತಿದ್ದರೆ ಶೇಕಡಾ 15 ಎಂದರೆ ಒಂದೂವರೆ ಆಳಿನ ದುಡಿಮೆ. ಅದೇ ಕೆಲ್ಟರನ್ನು ಆರಿಸಿಕೊಂಡ ಹುಡುಗ ಶತ್ರುವಿನ ಬೇಲಿಯ ಬಳಿ ನಾಲ್ಕು ಸಿಪಾಯಿಗಳನ್ನು ಆಡಿಸುತ್ತ ಊರನ್ನು ಮರೆತು ಕೂರುತ್ತಾನೆ. ಇಡೀ ಆಟದಲ್ಲಿ ಹೀಗೆ ಮರೆತ ಹೊತ್ತು ಐದು ನಿಮಿಷವಾದರೆ ಹುಟ್ಟಬೇಕಾಗಿದ್ದ 12 ಆಳುಗಳು ಹುಟ್ಟಲಿಲ್ಲ. ಒಂದೂವರೆ ಆಳಿಗಾಗಿ ಅರ್ಧ ಗಂಟೆ ಚರ್ಚೆ ಮಾಡಿ ಹನ್ನೆರಡು ಆಳನ್ನು ಕಳೆದುಕೊಂಡವನು ಕುಲವನ್ನು ಬೈದು ಏನು ಫಲ?

ಕಲ್ಲಿನದೂ ಹೀಗೆಯೇ. ಮೂರನೆಯ ಯುಗ ತಲುಪಿದ ಮೇಲೆ ಇನ್ನೊಂದು ಊರಕೇಂದ್ರ ಕಟ್ಟಬಹುದು, ಅದಕ್ಕೆ 275 ಮರ, 100 ಕಲ್ಲು. ಮೊದಲೇ ಕೊಟ್ಟ 200 ಕಲ್ಲು ಹಾಗೇ ಉಳಿಸಿಕೊಂಡವನು, ಒಂದು ಕಲ್ಲನ್ನೂ ಅಗೆಯದೆ ಎರಡು ಕೇಂದ್ರ ಎಬ್ಬಿಸಿ, ಮೂರು ಕಡೆಯಿಂದ ಆಳುಗಳನ್ನು ತರುತ್ತಾನೆ. ಅವಸರಗಾರ ಎರಡನೆಯ ಯುಗದಲ್ಲೇ ಶತ್ರುವಿನ ತಲೆಬಾಗಿಲಲ್ಲಿ ಒಂದು ಗೋಪುರ ನಿಲ್ಲಿಸುತ್ತಾನೆ. ಅದಕ್ಕೆ 125 ಕಲ್ಲು ಹೋಯಿತು. ಉಳಿದ 75ರಲ್ಲಿ ಒಂದು ಕೇಂದ್ರವೂ ಏಳುವುದಿಲ್ಲ. ಗೋಪುರ ಕಟ್ಟಬಾರದೆಂದು ನಾನು ಹೇಳುತ್ತಿಲ್ಲ. ಎದುರಾಳಿಯ ಮರದ ಕೆಲಸವನ್ನು ನಿಲ್ಲಿಸಬಲ್ಲೆನೆಂಬ ಧೈರ್ಯವಿದ್ದರೆ ಧಾರಾಳವಾಗಿ ಕಟ್ಟಲಿ. ಆದರೆ ಆಟವನ್ನು ತೀರ್ಮಾನಿಸುವ ಆಯ್ಕೆ ಇರುವುದು ಅಲ್ಲಿ. ಆ ಆಯ್ಕೆ ಎಲ್ಲ ಕುಲದವರಿಗೂ ತೆರೆದಿದೆ.

ನನ್ನ ತಂಗಿಯ ಮಗ ಒಮ್ಮೆ, 'ಚೀನಾ ತಗೊಳ್ಳಿ ಮಾವ, ಮೂರು ಆಳು ಫ್ರೀ' ಎಂದ. ಹೌದು, ಚೀನೀಯರಿಗೆ ಆರು ಆಳು. ಆದರೆ ಅದಕ್ಕೆ ಬದಲಾಗಿ 200 ಆಹಾರ, 50 ಮರ ಕಡಿತ. ಆರು ಜನ ಕೂಲಿಗೆ ಬಂದು ನಿಂತಿದ್ದಾರೆ, ಮಡಕೆಯಲ್ಲಿ ಒಂದು ಕಾಳಿಲ್ಲ! ಪಳಗಿದವನು ಮೊದಲ ಕ್ಷಣದಲ್ಲೇ ಕುರಿ ಹಿಡಿದು ಸುಧಾರಿಸಿಕೊಳ್ಳುತ್ತಾನೆ. ಹೊಸಬ ಕುರಿ ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ, ಮೂವರಿಂದ ಹೊರಟ ಎದುರಾಳಿ ಹತ್ತಿರ ಹತ್ತಿರ ಸರಿಗಟ್ಟಿರುತ್ತಾನೆ. ಒಬ್ಬನ ಕೈಯಲ್ಲಿ ವರವಾದದ್ದು ಇನ್ನೊಬ್ಬನ ಕೈಯಲ್ಲಿ ಸಾಲವಾಗುತ್ತದೆ. ನಮ್ಮ ಹುಡುಗ ಅಂದು 'ಈ ಚೀನಾ ಸರಿಯಿಲ್ಲ' ಎಂದು ಎದ್ದುಹೋದ.

ಇರಲಿ, ಇದು ಆಟದೊಳಗಿನ ಮಾತಾಯಿತು. ನನ್ನ ಮುಖ್ಯ ಜಗಳ ಬೇರೆ. 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆಯನ್ನೇ ಈ ಆಟ ಇಡೀ ಇಡೀ ಜನಾಂಗಗಳಿಗೆ ಅಂಟಿಸುತ್ತದೆ. ಒಂದು ಜನಕ್ಕೆ ಇಂಥದೇ ಕಸುಬು ರಕ್ತದಲ್ಲಿ ಬಂದಿದೆ ಎನ್ನುತ್ತದೆ. ಹೀಗೆಯೇ ಇರಬೇಕೆಂದೇನಿಲ್ಲ. 1991ರಲ್ಲಿ ಸಿಡ್ ಮೈಯರ್ ಎಂಬ ಅಮೆರಿಕದವನು ತಂದ 'ಸಿವಿಲೈಸೇಶನ್' ಆಟದಲ್ಲಿ 14 ನಾಗರಿಕತೆಗಳಿದ್ದವು. ನೀವು ಭಾರತವನ್ನು ಆರಿಸಿಕೊಂಡರೂ ಜುಲುಗಳನ್ನು ಆರಿಸಿಕೊಂಡರೂ ಸಿಗುವುದು ಅದೇ ವಲಸೆಗಾರ, ಅದೇ ದರ, ಅದೇ ವಿದ್ಯೆ. ಹೆಸರು ಬೇರೆ, ಬಣ್ಣ ಬೇರೆ, ಅಷ್ಟೇ. ಕಂಪ್ಯೂಟರು ನಡೆಸುವ ಎದುರಾಳಿ ದೊರೆಗಳಿಗೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಸ್ವಭಾವ. ಉಳಿದ ವ್ಯತ್ಯಾಸವೆಲ್ಲ ನೆಲದ್ದು. ಹೊಳೆದಂಡೆ ಸಿಕ್ಕವನು ನೀರಾವರಿ ಮಾಡಿ ಊರು ಬೆಳೆಸಿದ, ಮರಳುಗಾಡು ಸಿಕ್ಕವನು ಪರದಾಡಿದ. ಅದು ಬಡಕಲು ಆಟ, ಬಣ್ಣವಿಲ್ಲದ್ದು ಎಂದು ಈಗ ನಗುವವರಿದ್ದಾರೆ. ನಗಲಿ. ನನ್ನ ಮಟ್ಟಿಗೆ ಅದು ಹೆಚ್ಚು ಪ್ರಾಮಾಣಿಕ. ಅದೇ ಸರಣಿಯ ಮೂರನೆಯ ಆಟ 2001ರಲ್ಲಿ ಬಂದಾಗ ಅಲ್ಲಿಯೂ ಹುಟ್ಟುಗುಣಗಳು ಬಂದು ಕೂತವು.

ಗುಣ ಅಂಟಿಸುವವರು ಚರಿತ್ರೆಯನ್ನಾದರೂ ಸರಿಯಾಗಿ ಓದಿಕೊಂಡರೇ? ಬ್ರಿಟನ್ನರಿಗೆ ಕುರಿ ಕೊಟ್ಟದ್ದೇನೋ ಸರಿ. ಆದರೆ ಮಧ್ಯಯುಗದ ಇಂಗ್ಲೆಂಡಿಗೆ ಹಣ ತಂದದ್ದು ಕುರಿಯ ಮಾಂಸವಲ್ಲ, ಉಣ್ಣೆ. ಅದು ಹಡಗೇರಿ ಫ್ಲಾಂಡರ್ಸಿನ ನೇಕಾರರಿಗೆ ಹೋಗುತ್ತಿತ್ತು. ಮೂರನೆಯ ಎಡ್ವರ್ಡ್ ಫ್ರಾನ್ಸಿನ ಮೇಲೆ ಯುದ್ಧ ಹೂಡಿದಾಗ ಖರ್ಚಿಗೆ ನೆಚ್ಚಿಕೊಂಡದ್ದರಲ್ಲಿ ಆ ಉಣ್ಣೆಯ ಮೇಲಿನ ತೆರಿಗೆಯೇ ದೊಡ್ಡದು. ಆಟದಲ್ಲಿ ಉಣ್ಣೆಯೇ ಇಲ್ಲ. ಮಾರಾಟ, ಸುಂಕ, ಹಡಗು, ನೇಯ್ಗೆ ಎಂಬ ಅಷ್ಟೂ ದುಡಿಮೆ ಮಾಯವಾಗಿ, ಬ್ರಿಟನ್ನರು ಕುರಿ ಕಡಿಯುವುದರಲ್ಲಿ ಜನ್ಮತಃ ಜಾಣರು ಎಂಬುದಷ್ಟೇ ಉಳಿದಿದೆ.

'ಆಟವನ್ನು ಆಟವಾಗಿ ನೋಡಿ ಸ್ವಾಮಿ' ಎನ್ನುವವರು ಇದ್ದೇ ಇದ್ದಾರೆ. ವ್ಯತ್ಯಾಸವಿಲ್ಲದಿದ್ದರೆ ನೂರನೆಯ ಸಲ ಆಡಲು ಬೇಸರ ಎಂಬ ಅವರ ಮಾತು ಸುಳ್ಳಲ್ಲ. ಆದರೆ ವ್ಯತ್ಯಾಸವನ್ನು ನೆಲದಲ್ಲಿ, ನೀರಿನಲ್ಲಿ, ನೆರೆಹೊರೆಯಲ್ಲಿ ಇಡಬಹುದಿತ್ತು. ಹುಟ್ಟಿನಲ್ಲೇ ಏಕಿಡಬೇಕು? ಯುರೋಪಿನ ಹುಡುಗನಿಗೆ ಇದು ಬರಿಯ ತಮಾಷೆಯಾಗಿ ಕಂಡೀತು. ಇಂಥವನ ಮಗ ಚಕ್ಕಳವನ್ನೇ ಹದ ಮಾಡಬೇಕು, ಇಂಥವನ ಮಗ ಮಡಕೆಯನ್ನೇ ತಟ್ಟಬೇಕು ಎಂದು ಶತಮಾನಗಟ್ಟಲೆ ಹೇಳಿಕೊಂಡು ಬಂದ ನಾಡಿನಲ್ಲಿ ಕೂತು, 'ಇವರು ಹುಟ್ಟಾ ಮರ ಕಡಿಯುವವರು' ಎಂಬುದನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುವುದನ್ನು ಕೇಳುತ್ತ ಸುಮ್ಮನಿರುವುದು ನನ್ನಿಂದಾಗದು.

ಕಡೆಗೆ ನಮ್ಮ ಸರದಿಯೂ ಬಂತು. 2022ರಲ್ಲಿ ಭಾರತದ ನಾಗರಿಕತೆಗಳನ್ನು ಬಿಡಿಸಿ ಕೊಟ್ಟಾಗ ದಕ್ಷಿಣದವರಿಗೆಲ್ಲ 'ದ್ರಾವಿಡರು' ಎಂಬ ಒಂದೇ ಹೆಸರು ಬಿತ್ತು. ಅದರ ಕಥೆ ರಾಜೇಂದ್ರ ಚೋಳನದು. ಹಾಗಾಗಿ ಹಡಗು, ಮೀನು, ಕಾಲಾಳು ನಮ್ಮ ಪಾಲಿಗೆ. ಪ್ರತಿ ಯುಗ ದಾಟುವಾಗ 200 ಮರದ ಉಡುಗೊರೆ. ಹಗುರ ಸವಾರರುಂಟು, ಆದರೆ 'ನೈಟ್' ಎಂಬ ಭಾರಿ ಕುದುರೆ ಸವಾರ ಇಲ್ಲ. ದಕ್ಷಿಣದ ನೆಲದಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಯದು ಎಂಬುದು ನಿಜವೇ. ಹಾಗೆಂದು ವಿಜಯನಗರದವರು ಕೈಕಟ್ಟಿ ಕೂತರೇ? ಅರಬ್ ದೇಶಗಳ ಕುದುರೆ ಭಟ್ಕಳ, ಹೊನ್ನಾವರಗಳಲ್ಲಿ ಇಳಿಯುತ್ತಿತ್ತು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿದ ಮೇಲೆ ಕೃಷ್ಣದೇವರಾಯ ಅವರೊಡನೆ ವ್ಯವಹಾರಕ್ಕಿಳಿದ. ತಾನೇ ಕುದುರೆ ವ್ಯಾಪಾರಿಯಾಗಿದ್ದ ನೂನಿಜ್ ಬರೆದಿಟ್ಟಿದ್ದಾನೆ: ಸಾಳುವ ನರಸಿಂಹ, ದಾರಿಯಲ್ಲಿ ಕಡಲಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆ ಕೊಡುತ್ತಿದ್ದನಂತೆ. ಸತ್ತ ಕುದುರೆಗೆ ಹಣ ಕೊಡುವುದು ಹುಚ್ಚಲ್ಲ. ವ್ಯಾಪಾರಿಯ ನಷ್ಟವನ್ನು ತಾನು ಹೊತ್ತರೆ ಮುಂದಿನ ಹಡಗು ತನ್ನ ರೇವಿಗೇ ಬರುತ್ತದೆಂಬ ಲೆಕ್ಕ. ನೆಲ ಕೊಡದ್ದನ್ನು ಬೊಕ್ಕಸ ತಂದುಕೊಟ್ಟಿತು.

ಆಟದಲ್ಲಿಯೂ ಮಾರುಕಟ್ಟೆ ಇದೆ. ಚಿನ್ನ ಕೊಟ್ಟರೆ ಆಹಾರ ಸಿಗುತ್ತದೆ, ಮರ ಸಿಗುತ್ತದೆ, ಕಲ್ಲು ಸಿಗುತ್ತದೆ. ದ್ರಾವಿಡರು ಅಲ್ಲಿ ಎಷ್ಟು ಚಿನ್ನ ಸುರಿದರೂ ಕುದುರೆ ಮಾತ್ರ ಸಿಗುವುದಿಲ್ಲ. ಆ ಒಂದು ಗುಂಡಿ ಇಟ್ಟುಕೊಡಿ, ಅದಕ್ಕೆ ಬೇಕಾದಷ್ಟು ದುಬಾರಿ ಬೆಲೆ ಕಟ್ಟಿ. ಆಮೇಲೆ ಆಡಲು ನಾನೂ ಕೂರುತ್ತೇನೆ.